ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಅದರ ಒಳಗನ್ನು ನೋಡಿ

ವಿಜಯಪುರ, ಬಾಗಲಕೋಟೆಯ ಕಡೆ ಮಕ್ಕಳು ಎಂಜಿನಿಯರಿಂಗ್ ಕಾಲೇಜು ಸೇರಿದರೆ ಪಾಲಕರು ಸಾಲ ಮಾಡಿಯಾದರೂ ಲ್ಯಾಪ್‌ಟಾಪ್ ಕೊಡಿಸುತ್ತಾರೆ, ಅದು ಕನಿಷ್ಠ ನಾಲ್ಕು ವರ್ಷ ದುಡಿಯಲಿ ಎಂದು ಬಯಸುತ್ತಾರೆ. ಆದರೆ ಅಂಗಡಿಯಲ್ಲಿ ಮಾತೆಲ್ಲ ಪ್ರೊಸೆಸರ್ ಮತ್ತು ತೂಕದ ಸುತ್ತಲೇ ನಡೆಯುತ್ತದೆ. ಕೆಟ್ಟಾಗ ಬಿಚ್ಚಲು ಬರುತ್ತದೆಯೇ ಎಂದು ಕೇಳುವವರು ವಿರಳ.

ನಮ್ಮ ಸೀಮೆಯಲ್ಲಿ ಮೊದಲು ಕೇಳಬೇಕಾದದ್ದು ಬ್ಯಾಟರಿಯ ಬಗ್ಗೆ. ಇಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಲಿಥಿಯಂ ಅಯಾನ್ ಬ್ಯಾಟರಿಯ ಗ್ರಾಫೈಟ್ ವಿದ್ಯುದ್ವಾರದ ಮೇಲೆ ಕಟ್ಟಿಕೊಳ್ಳುವ ತೆಳುಪದರವು ಬಿಸಿ ಹೆಚ್ಚಿದಂತೆ ಬೇಗ ಬೇಗ ದಪ್ಪವಾಗುತ್ತ, ಲಿಥಿಯಂ ಅನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ, ಬ್ಯಾಟರಿಯ ಸಾಮರ್ಥ್ಯ ಮರಳಿ ಬಾರದಂತೆ ಕುಗ್ಗುತ್ತದೆ. ಪೂರ್ತಿ ಚಾರ್ಜ್ ಆಗಿರುವಾಗ ಸೆಕೆ ತಗುಲಿದರೆ ಈ ಸವೆತ ಇನ್ನಷ್ಟು ಚುರುಕಾಗುತ್ತದೆ. ಹೀಗಾಗಿ ಬ್ಯಾಟರಿಯನ್ನು ಸೈಕಲ್ಲಿನ ಟಾಯರಿನಂತೆ ಸವೆಯುವ ವಸ್ತುವೆಂದೇ ಎಣಿಸಬೇಕು. ಸ್ಕ್ರೂ ಹಾಕಿ ಕೂಡಿಸಿದ ಬ್ಯಾಟರಿಯನ್ನು ಊರಿನ ರಿಪೇರಿ ಅಂಗಡಿಯಲ್ಲೇ ಬದಲಿಸಬಹುದು. ಅಂಟು ಹಾಕಿದ್ದನ್ನು ಕೀಳುವಾಗ ಅದು ಬಾಗಿದರೆ ಅಥವಾ ತೂತಾದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಎರಡನೆಯದು, ಚಾಲ್ತಿಯಲ್ಲಿರುವ ಕೆಲಸವನ್ನು ತಾತ್ಕಾಲಿಕವಾಗಿ ಹಿಡಿದಿಡುವ ನೆನಪಿನ ಚಿಪ್, ಅಂದರೆ ರ‍್ಯಾಮ್. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕಡಿಮೆ ವಿದ್ಯುತ್ ಬಳಸುವ ಎಲ್‌ಪಿಡಿಡಿಆರ್ ಎಂಬ ಬಗೆಯ ರ‍್ಯಾಮನ್ನು ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಹಾಗಾಗಿ ಅದನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಇದನ್ನು ಬರೀ ಕಂಪನಿಗಳ ಲಾಭಕೋರತನ ಎನ್ನುವುದು ನ್ಯಾಯವಲ್ಲ: ಕಡಿಮೆ ವೋಲ್ಟೇಜಿನಲ್ಲಿ ಅತಿವೇಗದ ಸಂಕೇತಗಳು ಕೆಡದೆ ಸಾಗಬೇಕಾದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿ ಚಿಕ್ಕದಿರಬೇಕು, ಚಿಪ್ಪಿನ ಪಟ್ಟಿಯನ್ನು ಸಿಕ್ಕಿಸುವ ಹಳೆಯ ಮಾದರಿಯ ಸ್ಲಾಟ್ ಆ ದಾರಿಯನ್ನು ಉದ್ದವಾಗಿಸುತ್ತದೆ. ಇಂಥ ರ‍್ಯಾಮನ್ನೇ ಸ್ಕ್ರೂಗಳಿಂದ ಒತ್ತಿ ಕೂಡಿಸುವ ಎಲ್‌ಪಿಸಿಎಎಂಎಂ2 ಎಂಬ ಮಾದರಿ 2024ರಲ್ಲಿ ಮಾರುಕಟ್ಟೆಗೆ ಬಂದಿದೆಯಾದರೂ ಅದಿರುವ ಲ್ಯಾಪ್‌ಟಾಪ್‌ಗಳು ಇನ್ನೂ ಕೆಲವೇ. ಅವು ಹೆಚ್ಚುವವರೆಗೆ ನನ್ನ ಸಲಹೆ ಸರಳ: 8 ಜಿಬಿ ರ‍್ಯಾಮನ್ನು ಬೆಸೆದು, ಖಾಲಿ ಸ್ಲಾಟನ್ನೂ ಕೊಡದ ಲ್ಯಾಪ್‌ಟಾಪನ್ನು ವಿದ್ಯಾರ್ಥಿಗಳು ಕೊಳ್ಳಬಾರದು. ಕಡತಗಳನ್ನು ಉಳಿಸಿಡುವ ಎಸ್‌ಎಸ್‌ಡಿಯ ಚಿಂತೆ ಅಷ್ಟಿಲ್ಲ, ಬಹುತೇಕ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಒಂದೇ ಸ್ಕ್ರೂ ಬಿಚ್ಚಿ ಬದಲಿಸಬಹುದು.

ಧೂಳಿನ ಮಾತನ್ನೂ ಮರೆಯುವಂತಿಲ್ಲ. ಫ್ಯಾನಿನ ಬಳಿಯ ಲೋಹದ ರೆಕ್ಕೆಗಳ ನಡುವೆ ಧೂಳು ತುಂಬಿದರೆ ಬಿಸಿ ಹೊರಹೋಗದೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಹಳೆಯದಾಯಿತು ಎಂದು ಬೇಸರಪಡುವವರಲ್ಲಿ ಎಷ್ಟೋ ಮಂದಿಗೆ ಬೇಕಿರುವುದು ಹೊಸದಲ್ಲ, ಒಂದು ಸಲದ ಶುಚಿ ಮತ್ತು ಪ್ರೊಸೆಸರಿನ ಬಿಸಿಯನ್ನು ಲೋಹಕ್ಕೆ ದಾಟಿಸುವ ಹೊಸ ಥರ್ಮಲ್ ಪೇಸ್ಟ್. ಕೆಳಮುಚ್ಚಳ ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚುವಂತಿದ್ದರೆ ಅದು ಅರ್ಧ ಗಂಟೆಯ ಕೆಲಸ.

ಇವನ್ನೆಲ್ಲ ಕೊಳ್ಳುವ ಮೊದಲೇ ತಿಳಿಯಬಹುದು. ಲೆನೊವೊ, ಡೆಲ್, ಎಚ್‌ಪಿ ತಮ್ಮ ಅನೇಕ ಮಾದರಿಗಳ ದುರಸ್ತಿ ಕೈಪಿಡಿಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿವೆ; ಬ್ಯಾಟರಿ ತೆಗೆಯುವ ಪುಟ ತೆರೆದು ಹಂತಗಳನ್ನು ಎಣಿಸಿದರೆ ಸಾಕು. ಫ್ರಾನ್ಸ್ 2021ರಿಂದ ಲ್ಯಾಪ್‌ಟಾಪ್‌ಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ದುರಸ್ತಿಯ ಅಂಕ ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಕಂಪನಿಗಳ ದುರಸ್ತಿ ಮಾಹಿತಿಯನ್ನು ಒಂದೆಡೆ ಕೊಡುವ ಭಾರತ ಸರ್ಕಾರದ ದುರಸ್ತಿ ಹಕ್ಕಿನ ಜಾಲತಾಣ 2022ರ ಡಿಸೆಂಬರಿನಲ್ಲಿ ಆರಂಭವಾಗಿದೆ. ಬೆಲೆಪಟ್ಟಿಯ ಪಕ್ಕದಲ್ಲೇ ಇಂಥ ಅಂಕ ಕಾಣುವ ಏರ್ಪಾಡು ನಮ್ಮಲ್ಲೂ ಬರಬೇಕು.