ಹೊಗೆಯಿಂದ ಗಂಧಕ ತೆಗೆಯಲು ಯೂನಿಟ್‌ಗೆ ಎಷ್ಟು ಪೈಸೆ?

ಪ್ರಶ್ನೆ: ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆಯಿಂದ ಗಂಧಕ ತೆಗೆಯುವ ವಿಧಾನಗಳಲ್ಲಿ ಯಾವುದು ಅಗ್ಗ? ಆ ಖರ್ಚು ನಮ್ಮ ಕರೆಂಟ್ ಬಿಲ್ಲಿಗೆ ಬರುತ್ತದೆಯೇ?

ಉತ್ತರ: ಬರುತ್ತದೆ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಗಂಧಕಕ್ಕೆ ಮಿತಿ ಹಾಕಿತು. ಅದಕ್ಕಾಗಿ ಕೂರಿಸುವ ಉಪಕರಣದ ಖರ್ಚನ್ನು ‘ಕಾನೂನು ಬದಲಾವಣೆ’ ಎಂದು ದರಕ್ಕೆ ಸೇರಿಸಬಹುದು. ಇನ್ನು ಯಾವುದು ಅಗ್ಗ ಎಂಬುದಕ್ಕೆ ‘ಮೆಗಾವಾಟ್‌ಗೆ ಇಷ್ಟು ಕೋಟಿ’ ಎಂಬ ಸುದ್ದಿ ಅರ್ಧ ಲೆಕ್ಕ ಮಾತ್ರ. ಸ್ಥಾವರ ಇನ್ನೆಷ್ಟು ವರ್ಷ, ವರ್ಷಕ್ಕೆಷ್ಟು ಹೊತ್ತು ಓಡುತ್ತದೆ ಎಂದು ಕೇಳಬೇಕು.

ಹೆಚ್ಚು ಬಳಕೆಯಲ್ಲಿರುವುದು ಸುಣ್ಣಕಲ್ಲಿನ ಎಫ್‌ಜಿಡಿ (ಫ್ಲೂ ಗ್ಯಾಸ್ ಡಿಸಲ್ಫರೈಸೇಷನ್, ಅಂದರೆ ಹೊಗೆಯಿಂದ ಗಂಧಕ ತೆಗೆಯುವ ಉಪಕರಣ). ಕಲ್ಲನ್ನು ನುಣ್ಣಗೆ ಅರೆದು, ನೀರಿನಲ್ಲಿ ಕದಡಿ, ಎತ್ತರದ ಗೋಪುರದೊಳಗೆ ಹೊಗೆಗೆ ಸಿಂಪಡಿಸುತ್ತಾರೆ. ಒಂದು ಟನ್ ಗಂಧಕದ ಡೈಆಕ್ಸೈಡ್ (ಗಂಧಕ ಸುಟ್ಟಾಗ ಬರುವ ಅನಿಲ) ಹಿಡಿಯಲು ಸುಮಾರು 1.6 ಟನ್ ಕಲ್ಲು ಬೇಕು, 2.7 ಟನ್ ಜಿಪ್ಸಂ ಸಿಗುತ್ತದೆ, ಸಿಮೆಂಟ್ ಕಾರ್ಖಾನೆಗಳು ಕೊಳ್ಳುತ್ತವೆ. ಕಲ್ಲು ಅಗ್ಗ, ಗೋಪುರ ದುಬಾರಿ. 500 ಮೆಗಾವಾಟ್ ಘಟಕಕ್ಕೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಮೊದಲ ಅಂದಾಜು ಮೆಗಾವಾಟ್‌ಗೆ ಸುಮಾರು 40 ಲಕ್ಷ ರೂಪಾಯಿ ಇತ್ತು. ಆಮೇಲೆ ಬೆಲೆ ಕೋಟಿಯ ಆಸುಪಾಸಿಗೆ ಏರಿತು. ಸಾಲದ್ದಕ್ಕೆ ಸ್ಥಾವರದ ವಿದ್ಯುತ್ತಿನಲ್ಲೇ ಶೇ 1ರಷ್ಟನ್ನು ಅದು ತಿನ್ನುತ್ತದೆ.

ಮೆಗಾವಾಟ್‌ಗೆ ಒಂದು ಕೋಟಿ, ಬಡ್ಡಿ-ಸವಕಳಿ ಎಲ್ಲ ಸೇರಿ ವರ್ಷಕ್ಕೆ ಶೇ 15 ಎಂದು ಹಿಡಿಯೋಣ. ಸ್ಥಾವರ ತನ್ನ ಪೂರ್ಣ ಸಾಮರ್ಥ್ಯದ ಶೇ 85ರಷ್ಟು ಓಡಿದರೆ ಯೂನಿಟ್‌ಗೆ 20 ಪೈಸೆ. ಶೇ 55ಕ್ಕೆ ಇಳಿದರೆ 31 ಪೈಸೆ! ಯಂತ್ರ ಅದೇ, ಸಾಲವೂ ಅದೇ.

ಒಣ ಪುಡಿ ಊದುವ ವಿಧಾನದ್ದು ಇದಕ್ಕೆ ತಿರುಗುಮುರುಗು. ಗೋಪುರ ಬೇಡ, ಹೊಗೆಯ ಕೊಳವೆಗೆ ಸೋಡಿಯಂ ಬೈಕಾರ್ಬೊನೇಟ್ (ನಮ್ಮ ಅಡುಗೆ ಸೋಡಾವೇ) ಊದಿದರಾಯಿತು. ಆದರೆ ಟನ್ ಅನಿಲಕ್ಕೆ ಕಡಿಮೆಯೆಂದರೂ 2.6 ಟನ್ ಸೋಡಾ, ಅದೂ ಕಲ್ಲಿಗಿಂತ ಎಷ್ಟೋ ಪಟ್ಟು ದುಬಾರಿ. ಮೇಲಾಗಿ ಸೋಡಿಯಂ ಬೆರೆತ ಹಾರುಬೂದಿಯನ್ನು ಸಿಮೆಂಟಿನವರು ಇಷ್ಟಪಡುವುದಿಲ್ಲ. ಓಡಿದಷ್ಟೇ ಖರ್ಚು ಎಂಬುದೇ ಇದರ ಅನುಕೂಲ. ರಾಯಚೂರಿನ 210 ಮೆಗಾವಾಟ್‌ನಂಥ ಹಳೆಯ, ಸಣ್ಣ ಘಟಕಗಳಿಗೆ ಗೋಪುರಕ್ಕಿಂತ ಇದೇ ಹೊಂದುತ್ತದೆ ಎಂಬುದು ನನ್ನ ಎಣಿಕೆ.

ಕಡಲತೀರದಲ್ಲಿದ್ದರೆ ಸಮುದ್ರದ ನೀರೇ ಸಾಕು. ಮಹಾರಾಷ್ಟ್ರದ ಡಹಾಣು ಸ್ಥಾವರ ಹಾಗೇ ಮಾಡುತ್ತದೆ.

ಇಷ್ಟೆಲ್ಲ ಲೆಕ್ಕದ ನಡುವೆ, ಗಡುವುಗಳನ್ನು ಮುಂದೂಡುತ್ತ ಬಂದ ಸರ್ಕಾರ 2025ರ ಜುಲೈನಲ್ಲಿ ಮುಕ್ಕಾಲು ಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟಿತು. ದೆಹಲಿ ಸುತ್ತಲಿನ ರಾಜಧಾನಿ ಪ್ರದೇಶ ಅಥವಾ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳಿಂದ 10 ಕಿ.ಮೀ. ಒಳಗಿನವು ಮಾತ್ರ 2027ರ ಕೊನೆಯೊಳಗೆ ಮಿತಿ ಪಾಲಿಸಲೇಬೇಕು. ತೀವ್ರ ಮಾಲಿನ್ಯದ ಪ್ರದೇಶಗಳಲ್ಲಿರುವವನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಉಳಿದವು ಚಿಮಣಿಯ ಎತ್ತರದ ನಿಯಮ ಪಾಲಿಸಿದರೆ ಸಾಕು.