ಸುತ್ತಿ ಹೋದರೂ ಬೇಗ ಮುಟ್ಟಿದ ವಿಮಾನ

ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ. ಸುಮಾರು 12,400 ಕಿಲೋಮೀಟರ್ ಅಂತ ಬರುತ್ತದೆ. ಗ್ಲೋಬಿನ ಮೇಲೆ ಎರಡೂ ಊರಿಗೆ ಒಂದು ದಾರ ಹಿಡಿದು ಬಿಗಿಯಾಗಿ ಎಳೆದರೆ ಸಿಗುವ ಲೆಕ್ಕ ಅದು. ಆ ದಾರ ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರ ಮುಟ್ಟಿ ಆ ಕಡೆ ಇಳಿಯುತ್ತದೆ. ಗೋಡೆ ಮೇಲಿನ ನಕ್ಷೆ ನೋಡುತ್ತಾ ಕೂತರೆ ಇದು ಹೊಳೆಯುವುದೇ ಇಲ್ಲ.

ಆದರೆ ವಿಮಾನ ದಾರದ ಮೇಲೇ ಹೋಗುವುದಿಲ್ಲ. ದೆಹಲಿಯಿಂದ ಹೊರಟ ಕೂಡಲೇ ಹಿಮಾಲಯ, ಅದರ ಹಿಂದೆ ಟಿಬೆಟ್. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ ವಿಮಾನ ಬೇಗ 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಅಲ್ಲಿ ನೆಲವೇ 4,000 ಮೀಟರ್ ದಾಟಿದೆ! ಹಾಗಾಗಿ ಸುತ್ತುವುದು ಅನಿವಾರ್ಯ.

ಏರ್ ಇಂಡಿಯಾ ಮೊದಲು ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ದಿಕ್ಕು ತಿರುಗಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೊರಟಿತು. ದೂರ 15,300 ಕಿ.ಮೀ. ಆಯಿತು, ಅಂದರೆ 1,400 ಜಾಸ್ತಿ. ತಗೊಂಡ ಹೊತ್ತು ಮಾತ್ರ ಹದಿನಾಲ್ಕೂವರೆ ಗಂಟೆ, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಕಮ್ಮಿ! ಭಾಗಿಸಿ ನೋಡಿದರೆ ಗಂಟೆಗೆ 1,055 ಕಿ.ಮೀ. ಬರುತ್ತದೆ, ವಿಮಾನದ ಸ್ವಂತ ವೇಗ 900ರ ಆಸುಪಾಸು ಅಷ್ಟೇ.

ಉಳಿದದ್ದು ಗಾಳಿಯ ಕೊಡುಗೆ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ, ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಬಿಸಿ ಉಷ್ಣವಲಯ, ತಣ್ಣನೆ ಧ್ರುವ, ಇವೆರಡರ ನಡುವಿನ ವ್ಯತ್ಯಾಸಕ್ಕೆ ಭೂಮಿಯ ತಿರುಗಾಟವೂ ಸೇರಿ ಹುಟ್ಟುವ ಗಾಳಿ ಇದು. ಚಳಿಗಾಲದಲ್ಲಿ ಇದರ ಆರ್ಭಟ ಇನ್ನೂ ಜಾಸ್ತಿ. 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಹೊರಟ ಒಂದು ಜಂಬೋ ಜೆಟ್ ಇದರ ಬೆನ್ನೇರಿ ಐದು ಗಂಟೆಯೊಳಗೇ ಇಳಿದುಬಿಟ್ಟಿತು. ಹಂಪಿಯಲ್ಲಿ ತುಂಗಭದ್ರೆಯ ಹರಿಗೋಲಿನವರಿಗೆ ಇದನ್ನೆಲ್ಲ ವಿವರಿಸುವ ಅಗತ್ಯವೇ ಇಲ್ಲ, ಸೆಳವಿನ ಜೊತೆ ಹೋಗುವುದಕ್ಕೂ ಎದುರು ಹೋಗುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅವರ ತೋಳಿಗೇ ಗೊತ್ತು.

ಹಾಗಾದರೆ ವಾಪಸು ಬರುವಾಗ? ಪೆಸಿಫಿಕ್ ಮೇಲೆ ಬಂದರೆ ಅದೇ ಗಾಳಿ ಎದುರಾಗುತ್ತದಲ್ವಾ. ಅದಕ್ಕೇ ಆಗ ಬರುವಾಗ ಅಟ್ಲಾಂಟಿಕ್ ದಾರಿ ಹಿಡಿಯುತ್ತಿತ್ತು, ಮತ್ತೆ ಪೂರ್ವಕ್ಕೇ. ಹೋಗಿಬರುವಷ್ಟರಲ್ಲಿ ವಿಮಾನ ಭೂಮಿಗೆ ಒಂದು ಸುತ್ತು ಹಾಕಿರುತ್ತಿತ್ತು. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಬೆಂಗಳೂರು–ಮಂಗಳೂರಿನಂಥ ಪುಟ್ಟ ದಾರಿಯಲ್ಲಿ ಲೆಕ್ಕ ತಪ್ಪಿಸುವುದು ಗಾಳಿ ಅಲ್ಲ, ನೆಲ. ಆಕಾಶದ ದಾರಿ ಸುಮಾರು 300 ಕಿ.ಮೀ., ಪೂರ್ತಿ ವೇಗದಲ್ಲಿ ಹೋದರೆ ಇಪ್ಪತ್ತು ನಿಮಿಷ ಚಿಲ್ಲರೆ. ಟಿಕೆಟ್ಟಿನಲ್ಲಿ ನೋಡಿದರೆ ಒಂದು ಗಂಟೆಯ ಆಸುಪಾಸು ಇರುತ್ತದೆ. ಯಾಕೆಂದರೆ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಆ ಊರಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತನ್ನೆಲ್ಲ ಅದರಲ್ಲಿ ಸೇರಿಸಿರುತ್ತಾರೆ, ರನ್‌ವೇ ತನಕ ತೆವಳುವುದು, ಸರದಿಯಲ್ಲಿ ಕಾಯುವುದು, ಏರುವುದು, ಇಳಿಯುವುದು ಎಲ್ಲ. ಪೂರ್ತಿ ಎತ್ತರಕ್ಕೆ ಏರಿ ಪೂರ್ತಿ ವೇಗ ಹಿಡಿಯುವಷ್ಟರಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳಿ, ಇಳಿಯುತ್ತಿದ್ದೇವೆ ಅಂತ ಹೇಳಿಬಿಡುತ್ತಾರೆ.