ಹಿಸ್ಟ್ರಿಕೊಗ್ನಾಥಿ: ದವಡೆ ನೋಡಿ ಹುಡುಕಿದ ಬಳಗ

ಇಲಿ, ಹೆಗ್ಗಣ, ಅಳಿಲು, ಮುಳ್ಳುಹಂದಿ, ಗಿನಿಪಿಗ್ ಎಲ್ಲವೂ ದಂಶಕಗಳೇ. ಸಸ್ತನಿ ಜಾತಿಗಳಲ್ಲಿ ಹತ್ತಿರ ಹತ್ತಿರ ಶೇ. 40ರಷ್ಟು ಇವೇ. ಇಷ್ಟು ದೊಡ್ಡ ಸಂಸಾರದಲ್ಲಿ ಯಾರು ಯಾರಿಗೆ ನೆಂಟರು ಅಂತ ಹೊರಗಿನ ರೂಪ ನೋಡಿ ಹೇಳೋಕೆ ಹೋದರೆ ಮೋಸ ಗ್ಯಾರಂಟಿ. ನಮ್ಮ ಪಶ್ಚಿಮ ಘಟ್ಟದ ಮಲಬಾರ್ ಮುಳ್ಳು ಡಾರ್ಮೌಸನ್ನೇ ನೋಡಿ. ಪೊದೆಯಂಥ ಬಾಲ, ಮರದ ಮೇಲಿನ ಬದುಕು. ಅದನ್ನು ನೋಡಿ ಬಹಳ ಕಾಲ ಡಾರ್ಮೌಸ್ ಎಂಬ ಪೊದೆಬಾಲದ ಪುಟ್ಟ ದಂಶಕಗಳ ಜೊತೆ ಸೇರಿಸಿಟ್ಟಿದ್ದರು. ಈಗ ಅದಕ್ಕೆ ಬೇರೆ ಕುಟುಂಬ. ಅದು ಇಲಿಗಳ ಕಡೆಯ ನೆಂಟ.

ಹಾಗಾದರೆ ಏನನ್ನು ನೋಡಬೇಕು? ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರೊಫೆಸರ್ ಆಗಿದ್ದ ಟೀಕೋ ಟುಲ್‌ಬರ್ಗ್ ಕೊಟ್ಟ ಉತ್ತರ ಕೆಳದವಡೆ. ಈತ, ಜೀವಿಗಳಿಗೆ ಹೆಸರಿಟ್ಟು ವಿಂಗಡಿಸುವ ಪದ್ಧತಿ ತಂದ ಲಿನೇಯಸ್‌ನ ವಂಶದವನು. ಅಂದರೆ ವರ್ಗೀಕರಣ ಮನೆತನದಲ್ಲೇ ಇತ್ತು ಅನ್ನಿ! 1899ರಲ್ಲಿ ದಂಶಕಗಳ ಬಗ್ಗೆ 500ಕ್ಕೂ ಜಾಸ್ತಿ ಪುಟಗಳ ಗ್ರಂಥವೊಂದನ್ನು ಜರ್ಮನ್‌ನಲ್ಲಿ ಪ್ರಕಟಿಸಿದ. ಬರೀ ತಲೆಬುರುಡೆ ನೋಡಿ ಸುಮ್ಮನಾಗದೆ, ಅಗಿಯುವ ಸ್ನಾಯುಗಳು, ಕರುಳು ಎಲ್ಲವನ್ನೂ ಬಿಡಿಸಿ ನೋಡಿ, ಅದರಲ್ಲಿ ದಂಶಕಗಳನ್ನು ಎರಡು ಪಾಲು ಮಾಡಿದ. ಮುಳ್ಳುಹಂದಿಯಂಥ ದವಡೆಯವು ಹಿಸ್ಟ್ರಿಕೊಗ್ನಾಥಿ. ಅಳಿಲಿನಂಥ ದವಡೆಯವು ಸಯೂರೊಗ್ನಾಥಿ.

ವ್ಯತ್ಯಾಸ ಎಲ್ಲಿದೆ? ದಂಶಕಗಳ ಬಾಚಿಹಲ್ಲಿನ ಬೇರು ಕೆಳದವಡೆಯ ಮೂಳೆಯೊಳಗೆ ತುಂಬಾ ಹಿಂದಿನವರೆಗೂ ಹೋಗಿರುತ್ತದೆ. ದವಡೆಯ ಹಿಂದಿನ ಕೆಳ ಮೂಲೆಯಲ್ಲಿ ಒಂದು ಮೂಳೆಯ ಚಾಚು ಇದೆ, ಅಗಿಯುವ ಸ್ನಾಯು ಅಲ್ಲಿಗೆ ಅಂಟಿಕೊಳ್ಳುತ್ತದೆ. ಅಳಿಲು, ಇಲಿಗಳಲ್ಲಿ ಈ ಚಾಚು ಹಲ್ಲಿನ ಬೇರಿನ ನೇರಕ್ಕೇ ಇರುತ್ತದೆ. ಮುಳ್ಳುಹಂದಿ, ಗಿನಿಪಿಗ್, ಚಿಂಚಿಲ್ಲ, ಕ್ಯಾಪಿಬಾರಗಳಲ್ಲಿ ಅದು ಬೇರಿನ ಗೂಡಿನ ಹೊರಮಗ್ಗುಲಿನಿಂದ ಹೊರಡುತ್ತದೆ. ದವಡೆಯನ್ನು ತಲೆಕೆಳಗು ಮಾಡಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಅಷ್ಟೇ ವ್ಯತ್ಯಾಸ.

ಇದಕ್ಕೂ ಮುಂಚೆ, 1855ರಲ್ಲಿ, ಬ್ರಾಂಟ್ ಎಂಬ ವಿಜ್ಞಾನಿ ಬೇರೆ ದಾರಿ ಹಿಡಿದಿದ್ದ. ಬೆರಳನ್ನು ಕೆನ್ನೆಯ ಹಿಂಭಾಗಕ್ಕೆ ಒತ್ತಿ ಹಲ್ಲು ಕಚ್ಚಿ ನೋಡಿ, ಗಟ್ಟಿಯಾಗುವ ಸ್ನಾಯು ಇದೆಯಲ್ಲ, ಅದರ ಹೆಸರು ಮ್ಯಾಸೆಟರ್. ಕಣ್ಣಿನ ಗೂಡಿನ ಕೆಳಗೆ ನಮಗೂ ಒಂದು ಸಣ್ಣ ತೂತಿದೆ. ಅದರಲ್ಲಿ ನರ, ರಕ್ತನಾಳ ಮಾತ್ರ ಹಾದುಹೋಗುತ್ತವೆ. ಮುಳ್ಳುಹಂದಿಯಲ್ಲಿ ಆ ತೂತು ಎಷ್ಟು ದೊಡ್ಡದು ಅಂದರೆ ಮ್ಯಾಸೆಟರ್‌ನ ಒಂದು ಭಾಗವೇ ಅದರೊಳಗೆ ನುಗ್ಗಿ ಮೂತಿಯ ಮೇಲೆ ಹೋಗಿ ಅಂಟಿಕೊಂಡಿರುತ್ತದೆ. ಅಳಿಲಿನಲ್ಲಿ ತೂತು ಚಿಕ್ಕದು, ಸ್ನಾಯುವಿನ ಹೊರಭಾಗ ಕಣ್ಣಿನ ಮುಂದಕ್ಕೆ ಹತ್ತಿರುತ್ತದೆ. ಇಲಿಯಲ್ಲಿ ಎರಡೂ ಉಂಟು. ಈ ಮೂರು ಮಾದರಿಯ ಮೇಲೆ ಬ್ರಾಂಟ್ ಮೂರು ಗುಂಪು ಮಾಡಿದ.

ತೂತಿನ ಲೆಕ್ಕಕ್ಕೆ ಸಿಗದೆ ತಲೆನೋವಾಗಿದ್ದು ಆಫ್ರಿಕಾದ ಮೋಲ್-ಇಲಿಗಳು. ಮೈಮೇಲೆ ಕೂದಲೇ ಇಲ್ಲದ ಆ ವಿಚಿತ್ರ ಪ್ರಾಣಿಯ ಫೋಟೊ ನೋಡಿರಬಹುದು, ಅದೂ ಮೋಲ್-ಇಲಿಯೇ. ಇವುಗಳಲ್ಲಿ ಸ್ನಾಯು ತೂತಿನ ಮೂಲಕ ಮೂತಿಗೆ ಹೋಗುವುದಿಲ್ಲ ಅಂತಲೇ ಹೇಳಬಹುದು. ಆದರೆ ದವಡೆ ಮಾತ್ರ ಪಕ್ಕಾ ಮುಳ್ಳುಹಂದಿಯದು. ಟುಲ್‌ಬರ್ಗ್ ದವಡೆಯನ್ನೇ ನಂಬಿ ಇವನ್ನು ಮುಳ್ಳುಹಂದಿಗಳ ಜೊತೆ ಹಾಕಿದ. ನೂರು ವರ್ಷದ ಮೇಲೆ ಡಿಎನ್ಎ ಕೂಡ ಅದನ್ನೇ ಹೇಳಿತು. ನನಗೆ ಅವನ ಕೆಲಸದಲ್ಲಿ ಬಹಳ ಇಷ್ಟವಾಗೋದು ಇದೇ.

ಅವನ ವಿಂಗಡಣೆಯ ಇನ್ನರ್ಧ, ಅಂದರೆ ಸಯೂರೊಗ್ನಾಥಿ, ಮಾತ್ರ ನಿಲ್ಲಲಿಲ್ಲ. ಅಳಿಲಿನಂಥ ದವಡೆ ದಂಶಕಗಳ ಹಳೇ ಸ್ವರೂಪ, ಮೊದಮೊದಲ ದಂಶಕಗಳಿಗೂ ಅದೇ ಇತ್ತು. ಹಳೇದನ್ನು ಉಳಿಸಿಕೊಂಡಿದ್ದಕ್ಕೆ ಯಾರೂ ಹತ್ತಿರದ ನೆಂಟರಾಗುವುದಿಲ್ಲ. ಮುತ್ತಜ್ಜನ ಮೂಗು ಬಂದವರೆಲ್ಲ ಒಡಹುಟ್ಟಿದವರಲ್ಲ, ಅಲ್ವಾ? ದವಡೆಯ ಚಾಚು ಹೊರಕ್ಕೆ ಸರಿದದ್ದು ಹೊಸ ಬದಲಾವಣೆ. ಅದನ್ನು ಹಂಚಿಕೊಂಡವರು ಒಂದೇ ಬಳ್ಳಿಯವರು. ಹಾಗಾಗಿ ಹಿಸ್ಟ್ರಿಕೊಗ್ನಾಥಿ ನಿಜವಾದ ಬಳಗ, ಸಯೂರೊಗ್ನಾಥಿ ಅಂದರೆ ಮಿಕ್ಕವರನ್ನೆಲ್ಲ ತುಂಬಿದ ಚೀಲ.

ಆ ಚೀಲದೊಳಗೆ ಏನೇನಿತ್ತು ನೋಡಿ. ಉತ್ತರ ಆಫ್ರಿಕಾದ ಬಂಡೆಗಳಲ್ಲಿರುವ ಗುಂಡಿ ಎಂಬ ಪುಟ್ಟ ಪ್ರಾಣಿಗೆ ದವಡೆ ಅಳಿಲಿನದು, ಕಣ್ಣಿನ ಕೆಳಗಿನ ತೂತು ಮುಳ್ಳುಹಂದಿಯಷ್ಟು ದೊಡ್ಡದು. ಡಿಎನ್ಎ ಪ್ರಕಾರ ಅದು ಅಳಿಲಿಗಿಂತ ಮುಳ್ಳುಹಂದಿಗೇ ಹತ್ತಿರ. ಲಾವೋಸ್‌ನ ಸಂತೆಯಲ್ಲಿ ಮಾಂಸಕ್ಕೆ ಅಂತ ಮಾರುತ್ತಿದ್ದ ಒಂದು ಪ್ರಾಣಿಯನ್ನು 2005ರಲ್ಲಿ ಹೊಸದು ಅಂತ ವಿಜ್ಞಾನಿಗಳು ವಿವರಿಸಿದರು. ಅದರದ್ದೂ ಇದೇ ಕಥೆ. ಸ್ಥಳೀಯರು ಅದನ್ನು ಮೊದಲಿಂದ ತಿನ್ನುತ್ತಲೇ ಇದ್ದರು, ಅದು ಬೇರೆ ಮಾತು. 2006ರಲ್ಲಿ ಪಳೆಯುಳಿಕೆಗಳ ಜೊತೆ ಹೋಲಿಸಿದಾಗ, 1.1 ಕೋಟಿ ವರ್ಷದ ಹಿಂದೆಯೇ ಅಳಿದುಹೋಯಿತು ಅಂದುಕೊಂಡಿದ್ದ ಕುಟುಂಬಕ್ಕೆ ಸೇರಿದ್ದು ಅಂತ ತಿಳಿಯಿತು. ಈಗ ಬದುಕಿರುವವರಲ್ಲಿ ಅದಕ್ಕೆ ಹತ್ತಿರದ ನೆಂಟ ಗುಂಡಿಯೇ.

ಇವತ್ತಿನ ಲೇಖನಗಳಲ್ಲಿ ಎರಡೂ ಪದ ಸಿಗುತ್ತವೆ, ಓದುವಾಗ ಸ್ವಲ್ಪ ಎಚ್ಚರ ಬೇಕು. ಹಿಸ್ಟ್ರಿಕೊಗ್ನಾಥಿ ಅಂತ ಕಂಡರೆ ಅದು ಬಳಗದ ಹೆಸರು. ಒಂದು ಪ್ರಾಣಿಯನ್ನು ‘ಸಯೂರೊಗ್ನಾಥಸ್’ ಅಂದಿದ್ದರೆ ಅದರ ದವಡೆಯ ಆಕಾರ ಹೇಳುತ್ತಿದ್ದಾರೆ ಅಷ್ಟೇ, ನೆಂಟಸ್ತಿಕೆ ಅಲ್ಲ.